ಕಂಪ್ಯೂಟರಿಗೊಂದು ಅಂಗಿ

ಟೈಲರಕ್ಕನ ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ಮಾತೆಲ್ಲ ಅವುಗಳ ಸಂದಿಯಿಂದಲೇ ಹೊರಬರಬೇಕಾದ್ದರಿಂದ ಅನಗತ್ಯವಾದದ್ದು ಒಳಗೇ ಉಳಿಯುತ್ತಿತ್ತು. ಗುರುವಾಯನಕೆರೆಯ ಪೇಟೆಯಲ್ಲಿ ಅವರ ಹೊಲಿಗೆ ಅಂಗಡಿಗೂ ಮದುವೆ ವಿಡಿಯೋ ಮಾಡುವ ನನ್ನ ಸ್ಟುಡಿಯೋಗೂ ನಡುವೆ ಒಂದೇ ಗೋಡೆ.

ಬೆಲೆಬಾಳುವ ವಸ್ತು ಬೆತ್ತಲೆ ಇರಬಾರದೆಂಬುದು ಅವರ ಸಿದ್ಧಾಂತ. ಅವರ ಮನೆಯಲ್ಲಿ ಟಿವಿ, ಮಿಕ್ಸಿ, ಫ್ರಿಜ್ಜಿನ ಹಿಡಿಕೆ ಎಲ್ಲವೂ ಫ್ರಿಲ್ ಇಟ್ಟ ಅಂಗಿ ತೊಟ್ಟಿದ್ದವು. ಇನ್ನು ಶಾಲೆಯ ಲಂಗ ಹೊಲಿದರೆ ಅಂಚಿನೊಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಡುವರು. “ಮಕ್ಕಳು ಬೆಳೀತಾರಲ್ಲ ಮಾರಾಯ್ರೆ.”

ಮಗಳ ಮದುವೆಯ ವಿಡಿಯೋವನ್ನು ನನಗೇ ವಹಿಸಿದರು. ಅಳಿಯ ಮೂಡುಬಿದಿರೆಯವನು, ಕೆಲಸ ದುಬೈಯಲ್ಲಿ. ಶನಿವಾರ ಅವನು ವಿಮಾನ ಹತ್ತುವ ಮೊದಲು ಎರಡೂ ಮನೆಯವರು ಒಟ್ಟಿಗೆ ಕೂತು ವಿಡಿಯೋ ನೋಡಬೇಕು, ಅಷ್ಟೇ ಅವರ ಬೇಡಿಕೆ. ಆಮೇಲೆ ಮಗಳು ಗಂಡನ ಮುಖವನ್ನು ವರ್ಷಗಟ್ಟಲೆ ಫೋನಿನಲ್ಲೇ ನೋಡುವುದಿತ್ತು. ಕೃತಜ್ಞತೆಯನ್ನು ಮುಂಗಡವಾಗಿಯೇ ಸಲ್ಲಿಸಿದರು: ನನ್ನ ಕಂಪ್ಯೂಟರಿಗೆ ನೀಲಿ ವೆಲ್ವೆಟ್ಟಿನ ಅಂಗಿ. ವಯರು ಹೊರಬರಲು ಕಾಜವನ್ನೂ ಮಾಡಿದ್ದರು. ನಾನು ತಕ್ಕ ಗಾಂಭೀರ್ಯದಿಂದ ತೊಡಿಸಿದೆ.

ಮರುದಿನದಿಂದ ಕೆಲಸ ದಿಬ್ಬಣದ ನಡಿಗೆಗೆ ಇಳಿಯಿತು. ಪೆಟ್ಟಿಗೆಯ ಮೇಲೆ 4.6 ಗಿಗಾಹರ್ಟ್ಸ್ ಎಂದು ಹೇಳಿಕೊಂಡ ಪ್ರೊಸೆಸರು ಎರಡರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ಗುರುವಾರ, ಅದನ್ನು ಮಾರಿದವನಿಗೆ ಶಾಪ ಹಾಕುತ್ತಲೇ, ಅದರ ಬಿಸಿ ಎಷ್ಟೆಂದು ನೋಡಿದೆ: ತೊಂಬತ್ತೊಂಬತ್ತು ಡಿಗ್ರಿ.

ಟೈಲರಕ್ಕ ಬೆನ್ನ ಹಿಂದೆ ನಿಂತಿದ್ದರು. “ನೀರು ಕುದೀಲಿಕ್ಕೆ ಒಂದೇ ಕಮ್ಮಿ! ಸುಟ್ಟುಹೋಗ್ತದಾ?”

“ಇಲ್ಲಕ್ಕ. ನೂರರ ಹತ್ತಿರ ಬಂದ್ರೆ ಅದೇ ವೇಗ ಇಳಿಸಿಕೊಳ್ತದೆ. ಎಂಬತ್ತರ ಒಳಗಿದ್ರೆ ಹಾಯಾಗಿ ಓಡ್ತದೆ.”

“ಮತ್ತೆ ಪೆಟ್ಟಿಗೆಯಲ್ಲಿ ಬರೆದದ್ದು ಸುಳ್ಳಾ?”

“ಸುಳ್ಳಲ್ಲ. ಬಿಸಿಯಾಗ್ಲಿಕ್ಕೆ ಇನ್ನೂ ಜಾಗ ಉಂಟು ಅಂತಾದ್ರೆ ಮಾತ್ರ ಅಷ್ಟು ಓಡ್ತದೆ. ಅದೂ ಸ್ವಲ್ಪ ಹೊತ್ತು.”

“ಹಾಗೆ ಹೇಳಿ. ಒಳಗೆ ಬಟ್ಟೆ ಬಿಟ್ಟಿದ್ರೆ ಬಿಡಿಸ್ಬಹುದು. ಇಲ್ಲದಿದ್ರೆ ಎಲ್ಲಿಂದ?” ಎಂದವರು ವೆಲ್ವೆಟ್ಟಿನ ಮೇಲೆ ಕೈಯಿಟ್ಟು ತಟ್ಟನೆ ಹಿಂದೆಳೆದುಕೊಂಡರು. ಸೂಜಿಗಳನ್ನು ಬಾಯಿಂದ ತೆಗೆದರು. ಅದನ್ನು ನಾನು ಕಂಡದ್ದು ಅದೊಂದೇ ಸಲ.

“ಈ ಸೆಕೆಯಲ್ಲಿ ಇದಕ್ಕೆ ವೆಲ್ವೆಟ್ ಹಾಕಿದ್ದು ಯಾರು?”

“ನೀವೇ ಅಲ್ವಾ ಅಕ್ಕ?”

“ನಾನು ಹೊಲಿದದ್ದು. ಹಾಕಿದ್ದು ನೀವು. ಬುದ್ಧಿ ಬೇಡ್ವಾ?”

ಒಂದೇ ಎಳೆತಕ್ಕೆ ಅಂಗಿ ಕಳಚಿತು. ಬಿಸಿ ಎಪ್ಪತ್ತರ ಕಡೆ ಇಳಿಯಿತು. ವೇಗ ನಾಲ್ಕು ದಾಟಿ, ತುಸು ತಗ್ಗಿ, ಅಲ್ಲೇ ನಿಂತಿತು. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಎಲ್ಲರೂ ವಿಡಿಯೋ ನೋಡಿದರು. ಮಗಳು ಗಂಡನ ಪಕ್ಕ ಕೂತು ಅತ್ತಳು. ತಾಯಿ ಕೊನೆಯವರೆಗೂ ಕಣ್ಣು ಕೀಳದೆ ನೋಡಿ, “ರವಿಕೆಯ ತೋಳು ಸ್ವಲ್ಪ ಬಿಗಿಯಾಯ್ತು” ಎಂದರು.

ಮುಂದಿನ ವಾರ ಹೊಸ ಅಂಗಿ ಬಂತು, ಮೂರು ಬದಿಗೂ ಸೊಳ್ಳೆಪರದೆಯ ಬಟ್ಟೆ. “ಕೆಲಸ ಮಾಡುವಾಗ ತೆಗೀರಿ,” ಎಂಬ ಆಜ್ಞೆಯೂ ಜೊತೆಗೆ.

ಟೈಲರಕ್ಕ ಹೋದ ವರ್ಷ ತೀರಿಕೊಂಡರು. ಮೊನ್ನೆ ಕೊಂಡ ಕಂಪ್ಯೂಟರು ಹಳೆಯದಕ್ಕಿಂತ ಎತ್ತರ. ಅಂಗಿ ಅದರ ಮೊಣಕಾಲಿಗೆ ಬಂದು ನಿಂತಿತು. ತೆಗೆದಿಡೋಣವೆಂದು ಅಂಚು ಮಗುಚಿದರೆ ಒಳಗೆ ಬಟ್ಟೆ ಮಡಚಿ ಬಿಟ್ಟಿದ್ದರು. ಹೊಲಿಗೆ ಬಿಡಿಸಿದೆ. ಬುಡದವರೆಗೆ ಬಂತು.

ಇನ್ನೂ ಒಂದು ಮಡಿಕೆ ಬಾಕಿ ಉಂಟು.