ಗಾಜು ಏರಿಸಿದ ಕಾರು

ನಮ್ಮ ಮನೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ಘಾಟಿನಲ್ಲೇ ಕುಳಿತೂ ಕುಳಿತೂ ಅವರ ಮೂಗು ಸತ್ತುಹೋಗಿತ್ತು. ಒಲೆಯ ಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ನನಗೆ ಮೇಲಿಂದ ಮೇಲೆ ನೆನಪಾಗುವುದು, ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಹಳೆಯ ಕಾರಿನಲ್ಲಿ ಪೆಟ್ರೋಲ್ ವಾಸನೆ ಕಾಣಿಸಿಕೊಂಡ ಆ ದಿನಗಳು.

ಮಗಳಿಗೆ ಹಾವೇರಿಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಹೊಲಿಗೆ ಹಾಕಿದ್ದರಿಂದ ಅಲ್ಲೇ ಇಟ್ಟುಕೊಂಡಿದ್ದರು. ನಾವು ದಿನಾ ಬುತ್ತಿ ಒಯ್ಯುತ್ತಿದ್ದೆವು. ಯಾವ ಹೊತ್ತಿನಲ್ಲಿ ಓಡಬೇಕಾಗುತ್ತದೋ ಎಂದು ಅವರು ದಿನಾ ಹಾವೇರಿಯಲ್ಲಿ ಟ್ಯಾಂಕು ತುಂಬಿಸಿಯೇ ಹೊರಡುತ್ತಿದ್ದರು. ಹೋಗುವಾಗ ಏನೂ ಇಲ್ಲ. ಬರುವಾಗ ಹಿಂದಿನ ಸೀಟಿನಲ್ಲಿದ್ದ ನನಗೆ ತಲೆ ತಿರುಗುತ್ತಿತ್ತು. ಗಾಜು ಇಳಿಸಿದರೆ ವಾಸನೆ ಹೋಗುತ್ತಿತ್ತು.

"ರೀ, ಪೆಟ್ರೋಲ್ ವಾಸನಿ ಬರಾಕತ್ತೈತಿ."

"ನನಗೇನೂ ಬರವಲ್ದು."

"ನಿಮಗ ಮನಿ ಸುಟ್ರೂ ಬರೂದಿಲ್ಲ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ದಿನಾ ಕಾರು ಚಾಲೂ ಮಾಡುವ ಮೊದಲು ಅವರು ಕಾರಿನೊಳಗೆ ಮುಂದಿದ್ದ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಅಲ್ಲೇ ಸಿಗಿಸುತ್ತಿದ್ದರು. ಮಗಳನ್ನು ಕರೆತರುವ ದಿನವಂತೂ ತಪ್ಪಿಸುವವರಲ್ಲ. ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದೆಂದು ಎಲ್ಲ ಗಾಜು ಏರಿಸಬೇಕು. ಮುಚ್ಚಿದ ಕಾರು, ಅದರೊಳಗೆ ಆ ವಾಸನೆ, ಮುಂದೆ ಉರಿಯುವ ಕಡ್ಡಿ. ಕಣ್ಣು ಮುಚ್ಚಿದರೆ ಇದೇ ಕಾಣುತ್ತಿತ್ತು. ಹಟ ಹಿಡಿದೆ. ಕರೆತರುವ ಹಿಂದಿನ ದಿನ ರಾಣೇಬೆನ್ನೂರಿನಲ್ಲಿ ಅವರ ಗುರುತಿನ ಮೆಕ್ಯಾನಿಕ್ ಹತ್ತಿರ ಹೋದೆವು. ವಯಸ್ಸಾದ ಮುಸಲ್ಮಾನ, ಎಲ್ಲರೂ ಚಾಚಾ ಎನ್ನುತ್ತಿದ್ದರು.

ಚಾಚಾ ಬಾನೆಟ್ ಎತ್ತಿ ಪೈಪುಗಳನ್ನೆಲ್ಲ ಬೆರಳಿನಿಂದ ಸವರಿ ನೋಡಿದ. "ಎಲ್ಲಾ ಒಣಾ ಐತ್ರಿ ಅಕ್ಕಾರ," ಎಂದ. ಡಿಕ್ಕಿ ತೆರೆದವನೇ ಸೀನತೊಡಗಿದ. ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಹೇರಿದ ಡಿಕ್ಕಿ ಅದು.

"ಇದರಾಗ ವಾಸನಿ ಹಿಡಿಯಾಕ ಪೊಲೀಸ್ ನಾಯಿ ತರಬೇಕ್ರಿ ಸಾವ್ಕಾರ್ರ. ತಂದ್ರೂ ಅದು ನೌಕರಿ ಬಿಟ್ಟು ಓಡತೈತಿ."

ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿದರೋ ಏನೋ.

"ಚಾಚಾ, ಆಕಿಗೆ ಬರಾಕತ್ತೈತಿ ಅಂದ್ರ ಐತಿ," ಎಂದರು. "ಇನ್ನೊಮ್ಮೆ ನೋಡು."

ಅವರಿಲ್ಲದ ಈಗ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದಂತಾದರೆ ಒಬ್ಬಳೇ ಮತ್ತೆ ಮತ್ತೆ ಮೂಸಿ ನೋಡುತ್ತೇನೆ. ಹೌದೋ ಅಲ್ಲವೋ ತಿಳಿಯುವುದಿಲ್ಲ.

"ಯಾವಾಗ ಬರತೈತ್ರಿ?" ಎಂದು ಚಾಚಾ ಅಂದು ನನ್ನನ್ನು ಕೇಳಿದ.

"ಹಾವೇರಿಯಿಂದ ಬರೂವಾಗಷ್ಟ. ಊರು ಮುಟ್ಟೂದ್ರಾಗ ಕಡಿಮಿ ಆಗತೈತಿ."

"ಬರೂವಾಗ ಟ್ಯಾಂಕು ತುಂಬಿರತೈತಲ್ಲ," ಎಂದರು ಇವರು.

ಚಾಚಾ ಪೆಟ್ರೋಲ್ ತರಿಸಿ ಬಾಯಿಮಟ್ಟ ತುಂಬಿಸಿದ. ಒಳಗಿನ ಆವಿ ಹೊರಗೆ ಹೋಗದ ಹಾಗೆ ಮುಚ್ಚಳದ ಸಣ್ಣ ತೂತಿಗೆ ಬಟ್ಟೆ ಬಿಗಿದು ಕಾರನ್ನು ಬಿಸಿಲಿಗೆ ನಿಲ್ಲಿಸಿದ. ಆಮೇಲೆ ಡಿಕ್ಕಿಯೊಳಗೆ, ಪೆಟ್ರೋಲ್ ಹಾಕುವ ಬಾಯಿಗೂ ಟ್ಯಾಂಕಿಗೂ ನಡುವೆ ಇರುವ ರಬ್ಬರ್ ಪೈಪಿಗೆ ಸಾಬೂನಿನ ನೊರೆ ಬಳಿದ. ಪೈಪಿನ ಹಿಂಬದಿಯಲ್ಲಿ ನೊರೆ ಗುಳ್ಳೆಯಾಗಿ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಚೀಲಗಳು ಒತ್ತಿ ಉಜ್ಜಿದ ಜಾಗದಲ್ಲೇ ರಬ್ಬರ್ ಬಿರುಕು ಬಿಟ್ಟಿತ್ತು.

ಇವರು ಬಾಗಿ ಆ ಗುಳ್ಳೆಯನ್ನೇ ನೋಡುತ್ತ ನಿಂತರು. ಮುಖ ಬಿಳಚಿಕೊಂಡಿತ್ತು. ಮೂಗಿಗೆ ಸಿಗದ್ದು ಕಣ್ಣಿಗೆ ಸಿಕ್ಕಿತ್ತು.

ಹೊಸ ಪೈಪು ಹಾಕಿ ಕ್ಲಿಪ್ಪು ಬಿಗಿದು ಮತ್ತೆ ನೊರೆ ಬಳಿದಾಗ ಗುಳ್ಳೆ ಬರಲಿಲ್ಲ. ಚಾಚಾ ಮುಚ್ಚಳದ ಬಟ್ಟೆ ಬಿಚ್ಚಿದ. ನನಗೆ ಅಷ್ಟು ಸಾಲಲಿಲ್ಲ. ಗಾಜು ಏರಿಸಿ ಬಿಸಿಲಲ್ಲೇ ಹಿಂದಿನ ಸೀಟಿನಲ್ಲಿ ಕುಳಿತೆ. ಅವರೂ ಬಂದು ಪಕ್ಕದಲ್ಲಿ ಬೆವರುತ್ತ ಕುಳಿತರು.

ಮರುದಿನ ಆಸ್ಪತ್ರೆಯ ಮುಂದೆ ಮಗಳ ಕಿವಿಗೆ ಬಟ್ಟೆ ಕಟ್ಟಿ ಕೂರಿಸಿದೆವು. ಅವರು ಊದಿನಕಡ್ಡಿ ತೆಗೆದರು, ಹಚ್ಚಲಿಲ್ಲ, ಹಾಗೆಯೇ ಪಟದ ಮುಂದೆ ಸಿಗಿಸಿದರು. ದಾರಿಯುದ್ದಕ್ಕೂ ಹಿಂದೆ ತಿರುಗದೆ ಒಂದೇ ಮಾತು ಕೇಳುತ್ತಿದ್ದರು: "ಬರಾಕತ್ತೈತೇನು?"

"ಇಲ್ರಿ."

ಮೋಟೆಬೆನ್ನೂರು ದಾಟಿ ಸ್ವಲ್ಪ ಹೊತ್ತಾದ ಮೇಲೆ ನನ್ನ ತೊಡೆಯ ಮೇಲಿದ್ದ ಕೂಸು ಸೀನಿತು. ಅವರು ಗಾಬರಿಯಾಗಿ ಬ್ರೇಕ್ ಒತ್ತಿಬಿಟ್ಟರು.

"ಏನಾತು?"

ಗಾಜಿನ ಸಂದಿಯಿಂದ ಮೆಣಸಿನಕಾಯಿ ಘಾಟು ಬರುತ್ತಿತ್ತು.

"ಏನಿಲ್ಲ ನಡೀರಿ," ಎಂದೆ. "ನಮ್ಮೂರು ಬಂತು."