ಗೋಡೆಗೆ ಒರಗಿದ್ದ ಬಾಗಿಲು

ಹಳೇ ಮರ ಕೊಳ್ಳುವವರಿಗೆ ಒಂದು ಮಾತು: ಬಣ್ಣ ನೋಡಬೇಡಿ, ಉಗುರಿನಿಂದ ಕೆರೆದು ಮೂಸಿ ನೋಡಿ. ಬಣ್ಣ ಮೋಸ ಮಾಡುತ್ತದೆ, ವಾಸನೆ ಮಾಡುವುದಿಲ್ಲ. ಹೋದ ವಾರ ಹೊನ್ನಾಳಿಯ ನನ್ನ ಅಂಗಡಿಗೆ ಬಂದ ಹೊಸ್ತಿಲೊಂದನ್ನು ಹಾಗೆಯೇ ಕೆರೆದೆ. ಅರಿಶಿನದ ಪದರದಡಿಯಿಂದ ಸಾಗುವಾನಿಯ ವಾಸನೆ ಎದ್ದಿತು... ತಂದವನ ಊರು ಕೇಳಿದೆ. ಕ್ಯಾಂಪಿನ ಅಮ್ಮನ ಹೊಸ್ತಿಲು ಅದು.

ಎಪ್ಪತ್ತರ ದಶಕದಲ್ಲಿ ಆಂಧ್ರದ ರೈತರು ಬಂದು, ಚನ್ನಗಿರಿ ಕಡೆಯ ನಾಲೆಯಂಚಿನಲ್ಲಿ ನಮ್ಮವರು ಬೇಡವೆಂದು ಬಿಟ್ಟ ಜೌಗು ನೆಲ ಕೊಂಡು ಗುಡಿಸಲು ಹಾಕಿದರು. ಅದಕ್ಕೆ ಕ್ಯಾಂಪು ಎಂದು ಹೆಸರಾಯಿತು. ತೆಲುಗು ನಮಗೇನೂ ಹೊಸದಲ್ಲ. ಜಗಳೂರು ಕಡೆ ತಲೆಮಾರುಗಳಿಂದ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರಿದ್ದರು. ನಾನು ವ್ಯಾಪಾರದ ತೆಲುಗು ಕಲಿತದ್ದೇ ಅವರಿಂದ. ಅವರನ್ನು ಯಾರೂ ಹೊರಗಿನವರು ಎನ್ನುತ್ತಿರಲಿಲ್ಲ. ಕ್ಯಾಂಪಿನ ಇವರನ್ನು ಎನ್ನುತ್ತಿದ್ದರು.

ನಾನಾಗ ನ್ಯಾಮತಿ, ಜಗಳೂರು ಸುತ್ತಿ, ಕೆಡವಿದ ಮನೆಗಳ ಬಾಗಿಲು, ತೊಲೆ ಕೊಳ್ಳುತ್ತಿದ್ದೆ. ಆ ಅಮ್ಮನ ಗುಡಿಸಲಿಗೆ ಇದ್ದದ್ದು ಬಿದಿರಿನ ತಟ್ಟಿ. ಹೊರಗೆ ಸೂರಿನಡಿ ಗೋಡೆಗೆ ಮಾತ್ರ ಕೆತ್ತನೆಯ ಜೋಡಿ ಬಾಗಿಲು, ಚೌಕಟ್ಟು ಹೊಸ್ತಿಲು ಸಮೇತ, ಗೋಣಿ ಹೊದ್ದು ಒರಗಿತ್ತು.

"ಏನಮ್ಮಾ, ಬಾಗಿಲು ಹೊತ್ಕೊಂಡು ಬಂದೀರಿ, ಮನೆ ಎಲ್ಲಿ ಮರೆತ್ರಿ?" ಎಂದೆ.

"ಮನೆ ಮಾರಿದ್ವಿ ನಾಯನಾ. ಬಾಗಿಲು ಮಾರಲ್ಲ. ಯಜಮಾನರು ವಾಪಸ್ ಹೋಗೋಣ ಅಂತಾರೆ. ಹೋದ್ಮೇಲೆ ಬೇಕಲ್ಲ?"

"ಅಲ್ಲೀತನ್ಕ ಇಲ್ಲೇ ಹಾಕ್ಕೊಳ್ಳಾಕೆ ಏನಾಗೈತ್ರಿ?"

"ಹಾಕಿದ್ರೆ ಇದೇ ಊರಾಗ್ತದೆ ಅಂತಾರೆ."

ಬಾಗಿಲು ಮಾರುತ್ತೀರಾ ಎಂದು ಹೋದಾಗಲೆಲ್ಲ ಕೇಳುತ್ತಿದ್ದೆ. ಕೊಳ್ಳುವವನು ನಾಚಬಾರದು. ಆಕೆ ಪುಂಡಿಸೊಪ್ಪಿನ ಗೋಂಗೂರ ಚಟ್ನಿಯಲ್ಲಿ ಅನ್ನ ಕಲೆಸಿ ಕೊಟ್ಟು, "ಗೆದ್ದಲಿಗಿಂತ ನಿನ್ನ ಕಾಟ ಜಾಸ್ತಿ" ಎಂದು ನಗುತ್ತಿದ್ದರು.

ಒಂದು ಮಳೆಗಾಲ... ಜಡಿ ಹಿಡಿದು ವಾರವಾಗಿತ್ತು. ಕ್ಯಾಂಪಿಗೆ ಕಾಲಿಟ್ಟರೆ ಕೊಡಲಿಯ ಸದ್ದು. ಆ ಅಮ್ಮ ತಾವೇ ಚೌಕಟ್ಟು ಕಡಿಯುತ್ತಿದ್ದರು. ಬಾಗಿಲುಗಳು ಆಗಲೇ ಸೀಳಾಗಿದ್ದವು.

"ಅಯ್ಯಯ್ಯೋ, ಏನ್ ಮಾಡ್ತಿದೀರಮ್ಮಾ! ಸಾಗುವಾನಿ ಅದು!" ಎಂದು ಕಿರುಚಿದೆ. ಆಮೇಲೆ ಗುಡಿಸಲೊಳಗೆ ಕಣ್ಣು ಹಾಯಿತು. ಯಜಮಾನರನ್ನು ನೆಲಕ್ಕೆ ಇಳಿಸಿದ್ದರು.

ಅವರಲ್ಲಿ ಸುಡುವ ಪದ್ಧತಿ. ಸುತ್ತಲಿನ ಹಳ್ಳಿಗಳಲ್ಲಿ ಹೂಳುವವರೇ ಹೆಚ್ಚು, ಚಿತೆಗೆಂದು ಸೌದೆ ಕೂಡಿಡುವ ರೂಢಿಯೇ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಗದ್ದೆ. ಇದ್ದಬದ್ದ ಸೌದೆಯೆಲ್ಲ ನೆನೆದಿತ್ತು. ಒಣಗಿದ್ದದ್ದು ಆ ಬಾಗಿಲೊಂದೇ. ಊರಿನ ಹಿರಿಯರೊಬ್ಬರು ಮೆಲ್ಲಗೆ, "ನಮ್ಮಂಗೆ ಹೂಳ್ರಿ ತಾಯಿ, ಮಣ್ಣು ಯಾರನ್ನೂ ಬ್ಯಾಡ ಅನ್ನಲ್ಲ" ಎಂದರು.

ಆಕೆ ಅವರಿಗೆ ಕೈಮುಗಿದರು, ಒಪ್ಪಲಿಲ್ಲ. ನನ್ನ ಕಡೆ ತಿರುಗಿ, "ವಾಪಸ್ ಹೋಗೋಣ ಅಂತಿದ್ದೋರೇ ಇಲ್ಲಿ ಉಳಿದ್ರು. ಇನ್ನ ಯಾವ ಊರಿಗೆ ಬಾಗಿಲು, ನಾಯನಾ?" ಎಂದರು.

ಮಳೆ ಕೊಂಚ ಹೊಳವಾದಾಗ ನಾನು ಸೀಳುಗಳನ್ನು ಎತ್ತಿ ನಾಲೆಯಂಚಿಗೆ ಹೊತ್ತೆ. ಕೆತ್ತಿದ ಗಿಳಿ, ಬಳ್ಳಿಗಳು ಕಣ್ಣೆದುರೇ ಹತ್ತಿ ಉರಿದವು. ಆ ಹೊಗೆಗೆ ನನ್ನ ಅಂಗಡಿಯದೇ ವಾಸನೆ...

ಹೊಸ್ತಿಲೊಂದನ್ನು ಆಕೆ ಉಳಿಸಿಕೊಂಡಿದ್ದರು. ಸುಗ್ಗಿಯಲ್ಲಿ ಹೋದಾಗ ಅದು ಗುಡಿಸಲಿಗೆ ಕೂತಿತ್ತು, ಅರಿಶಿನ ಬಳಿಸಿಕೊಂಡು. "ಬಾ ಗೆದ್ದಲೇ, ಒಳಗೆ ಬಾ" ಎಂದರು.

ಈಗ ಅದನ್ನು ತಂದು ಹಾಕಿದವನು ಅವರ ಮೊಮ್ಮಗ. ಮಾತು ಥೇಟ್ ನಮ್ಮದೇ. "ಅಜ್ಜಿ ತೀರ್ಕೊಂಡು ಬಾಳ ವರ್ಷ ಆತಣ್ಣ. ಹೊಸ ಮನೆಗೆ ಗ್ರಾನೈಟ್ ಐತೆ, ಇದು ಬ್ಯಾಡ" ಎಂದ. ಬಾಗಿಲಿನ ಕಥೆ ಅವನಿಗೆ ಗೊತ್ತಿದ್ದಂತಿರಲಿಲ್ಲ.

ಹೊಸ್ತಿಲನ್ನು ಅಂಗಡಿಯ ಗೋಡೆಗೆ ಒರಗಿಸಿದ್ದೇನೆ. ಒಂದು ಕಾಲಕ್ಕೆ ಹೀಗೇ ಒರಗಿ ನಿಂತು ಊರಿಗೆ ಹೋಗಲು ಕಾಯುತ್ತಿತ್ತು. ಈಗ ಅದಕ್ಕೆ ಆ ಊರೂ ಇಲ್ಲ, ಈ ಮನೆಯೂ ಇಲ್ಲ. ಒಳಗೆ ಬಾ ಎನ್ನುವವರಂತೂ ಇಲ್ಲ.