ಬಾಯ್ಲರಿನ ಕಿಂಡಿಯ ಮುಂದೆ

ಬಿಸಿಲು ಏರಿತೆಂದರೆ ನಮ್ಮ ಪ್ಲಾಂಟಿಗೆ ಗ್ರಹಚಾರ. ಮಧ್ಯಾಹ್ನ ಊರ ತುಂಬ ಸೋಲಾರ್ ಕರೆಂಟು, ನಮ್ಮ ಕಲ್ಲಿದ್ದಲಿನದು ಯಾರಿಗೂ ಬೇಡ. ಹೊತ್ತು ಇಳಿದ ತಕ್ಷಣ ಎಲ್ಲರಿಗೂ ಬೇಕು. ಹಗಲು ಉರಿ ಸಣ್ಣ ಮಾಡಿ, ಸಂಜೆ ದೊಡ್ಡದು ಮಾಡಿ ಎಂದರು. ಹೇಳುವವರಿಗೇನು! ಅದು ಗ್ಯಾಸ್ ಒಲೆಯಲ್ಲ, ಬಿಲ್ಡಿಂಗಿನಷ್ಟು ಎತ್ತರದ ಬಾಯ್ಲರ್. ಉರಿ ಆರದಂತೆ ಎಣ್ಣೆ ಸುಡುವ ಆಸರೆಯಿಲ್ಲದೆ ಲೋಡನ್ನು, ಅಂದರೆ ಕರೆಂಟಿನ ಉತ್ಪಾದನೆಯನ್ನು, ಅರ್ಧಕ್ಕಿಂತ ಕೆಳಗೆ ಇಳಿಸಿ ತೋರಿಸದಿದ್ದರೆ ಯೂನಿಟ್ ಮುಚ್ಚುತ್ತೇವೆ ಎಂದು ಮೇಲಿನವರು ಹೆದರಿಸಿದ ಮೇಲೆ ಪರೀಕ್ಷೆಗೆ ದಿನ ಗೊತ್ತಾಯಿತು.

ಆ ದಿನ ಕಂಟ್ರೋಲ್ ರೂಮಿನ ಡೆಸ್ಕಿನಲ್ಲಿ ನಾನು. ಕೆಳಗೆ ಬಾಯ್ಲರಿನ ಕಿಂಡಿಯಿಂದ ಉರಿ ನೋಡಿ ವಾಕಿಟಾಕಿಯಲ್ಲಿ ಹೇಳಲು ನನ್ನ ಗಂಡ. ಕಾಮೋಠೆ ಬಡಾವಣೆಯ ನಮ್ಮ ಮನೆಯಿಂದ ಒಂದೇ ಸ್ಕೂಟರಿನಲ್ಲಿ ಬಂದವರು ನಾವು. ಒಳಗೆ ಒತ್ತಡ ಹೆಚ್ಚಾದರೆ ಬೆಂಕಿ ಮೊದಲು ನುಗ್ಗುವುದು ಆ ಕಿಂಡಿಯಿಂದಲೇ. ದಾರಿಯಲ್ಲಿ ಇಬ್ಬರೂ ಆ ಮಾತೆತ್ತಲಿಲ್ಲ.

ಲೋಡ್ ಇಳಿಸುತ್ತಾ ಹೋದೆ. ಅರ್ಧ ದಾಟಿತು. "ಡೆಸ್ಕ್, ಫ್ಲೇಮ್ ಠೀಕ್ ಹೈ," ಎಂದರು. ಇನ್ನಷ್ಟು ಇಳಿಸಿದೆ. ಪರದೆಯ ಮೇಲೆ ಒತ್ತಡದ ಗೆರೆ ಕುಣಿಯತೊಡಗಿತು. ವಾಕಿಟಾಕಿಯಲ್ಲಿ ಡ್ಯೂಟಿಯ ಹಿಂದಿ ಹೋಗಿ ನಮ್ಮ ವಿಜಯಪುರದ ಕನ್ನಡ ಬಂತು: "ಉರಿ ಅಳ್ಳಾಡಾಕತ್ತೈತಿ. ಕಪ್ಪಾಗಿ ಮತ್ತ ಬರಾಕತ್ತೈತಿ."

"ಆಯಿಲ್ ಡಾಲೋ!" ಎಂದು ಬೆನ್ನ ಹಿಂದೆ ಶಿಫ್ಟ್ ಇನ್‌ಚಾರ್ಜ್ ಕೂಗಿದರು. ಉರಿ ನಡುಗಿದರೆ ಎಣ್ಣೆ ಕೊಡುವುದು ನಮ್ಮೆಲ್ಲರ ಕೈಗೆ ಹತ್ತಿದ ಹಳೇ ಚಟ. ನನ್ನ ಕೈಯೂ ಅತ್ತಲೇ ಹೋಯಿತು. ಆದರೆ ಉರಿ ಆರುತ್ತಿದ್ದರೆ ಒಳಗೆ ಸುಡದ ಕಲ್ಲಿದ್ದಲ ಪುಡಿ ತುಂಬಿರುತ್ತದೆ; ಅದಕ್ಕೆ ಎಣ್ಣೆಯ ಬೆಂಕಿ ತಾಗಿದರೆ ಸ್ಫೋಟ. ಕಿಂಡಿಯ ಮುಂದೆ ಅವರು. ಟ್ರಿಪ್ ಬಟನ್ ಒತ್ತಿಬಿಟ್ಟೆ. ಬಾಯ್ಲರ್ ಆರಿತು, ಪರೀಕ್ಷೆ ಕೆಟ್ಟಿತು.

ಅವರು ಮಸಿ ಮುಖದಲ್ಲೇ ಮೆಟ್ಟಿಲು ಹತ್ತಿ ಬಂದರು.

"ಯಾಕ ಬಂದ್ ಮಾಡಿದಿ? ಉರಿ ತಿರುಗಿ ಹತ್ತಾಕತ್ತಿತ್ತು."

"ಹತ್ತಲಿಲ್ಲಂದ್ರ?"

"ಹತ್ತಲಿಲ್ಲಂದ್ರ ನಾ ಹೇಳತಿದ್ದೆ."

"ಹೇಳಾಕ ನೀವು ಇರತಿದ್ರೇನ್ರಿ?" ಎಂದೆ, ಎಲ್ಲರ ಎದುರಿಗೇ.

ಯೂನಿಟ್ಟಿಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಅದೇ ಕೊನೆಯದು. ಡೆಸ್ಕಿಗೆ ಬೇರೆಯವರನ್ನು ಕೂರಿಸಿ ಎಂದು ಇನ್‌ಚಾರ್ಜನ್ನು ಕೇಳಿಕೊಂಡದ್ದು ನನ್ನ ಗಂಡನೇ. ತಾನು ಕೆಳಗಿದ್ದರೆ ಇವಳು ಉರಿಗೆ ತಿರುಗಿ ಹತ್ತಲು ಸಮಯ ಕೊಡುವುದಿಲ್ಲ ಎಂದರಂತೆ. ನಿಜವೇ, ಅದಕ್ಕೇ ನನಗೆ ಇನ್ನೂ ಸಿಟ್ಟು. ಕಿಂಡಿಗೂ ಬೇರೆಯವರನ್ನು ಹಾಕಲೇ ಎಂದು ಇನ್‌ಚಾರ್ಜ್ ಕೇಳಿದರೆ, ಬೇಡ, ಅಲ್ಲಿ ತಾನೇ ನಿಲ್ಲುತ್ತೇನೆ ಎಂದು ಹೇಳಿ ಬಂದಿದ್ದಾರೆ.